ಮೂರನೆಯ ಮಡಿಕೆ

ಗೊತ್ತಿದ್ದೇ ತಿದ್ದಿದ್ದೋ, ಗೊತ್ತಿಲ್ಲದೆಯೋ? ಗೊತ್ತಿರಲಿಲ್ಲ ಎಂದರೆ ಪೂರ್ತಿ ಸುಳ್ಳೇನೂ ಆಗುವುದಿಲ್ಲ ಎಂದು ಬಸ್ಸಿನ ಕಂಬಿ ಹಿಡಿದು ನಿಂತಿದ್ದ ಅವನಿಗೆ ಅನ್ನಿಸಿತು. ಆದರೆ ಯಾರೂ ಏನೂ ಕೇಳಿರಲಿಲ್ಲ. ಕೇಳದ ಪ್ರಶ್ನೆಗೆ ಉತ್ತರ ಹೊಂದಿಸಿಕೊಳ್ಳುತ್ತಿರುವವನು ಆಗಲೇ ಅರ್ಧ ಒಪ್ಪಿಕೊಂಡ ಹಾಗಲ್ಲವೇ? ಆರು ಇದ್ದದ್ದನ್ನು ಏಳು ಮಾಡಿದ್ದ, ಅಷ್ಟೆ. ಹತ್ತು ದಿನದ ಹಿಂದೆ, ಎಲ್ಲರೂ ಊಟಕ್ಕೆ ಎದ್ದು ಹೋದ ಹೊತ್ತಿನಲ್ಲಿ, ಕೂತ ಕುರ್ಚಿಯಿಂದ ಏಳದೆ, ಒಂದು ಬೆರಳಿನಲ್ಲಿ. ಮುಂದೆ ನಿಂತವನ ಕೊರಳಪಟ್ಟಿಯ ಮೇಲೆ ಬಿಳಿ ದಾರದ ತುಂಡೊಂದು ಅಂಟಿಕೊಂಡಿತ್ತು. ತೆಗೆದುಬಿಡಬೇಕು ಅನ್ನಿಸಿತು. ತೆಗೆಯಲಿಲ್ಲ. ಹೇಳಲೂ ಇಲ್ಲ. ಆ ಮನುಷ್ಯ ತನ್ನ ನಿಲ್ದಾಣದಲ್ಲಿ ದಾರದ ಸಮೇತ ಇಳಿದುಹೋದ.

ಆ ಅಂಕೆ ಕಾಗದದ ಒಂದು ಪದರದ ದಪ್ಪ. ಅವನ ಆಫೀಸಿನವರು ಮೂರು ವರ್ಷದಿಂದ ಮಾಡುತ್ತಿದ್ದ ವಿಡಿಯೋ ಗೇಮಿನ ನಾಯಕ ಒಂದು ಚೌಕ ಹಾಳೆ. ಕೈಕಾಲಿಲ್ಲ, ಮುಖವಿಲ್ಲ; ಆದರೂ ಯಜಮಾನರು ಅವನನ್ನು ಹಾಳೆರಾಯ ಎಂದು ಕರೆದಿದ್ದರು, ಅದೇ ಹೆಸರು ನಿಂತಿತು. ಬಟನ್ ಒತ್ತಿದರೆ ಹಾಳೆರಾಯ ದೋಣಿಯಾಗಿ ನೀರು ದಾಟುತ್ತಾನೆ, ಕಪ್ಪೆಯಾಗಿ ಮೆಟ್ಟಿಲಿಂದ ಮೆಟ್ಟಿಲಿಗೆ ಜಿಗಿಯುತ್ತಾನೆ, ಹಕ್ಕಿಯಾಗಿ ಒಂದಷ್ಟು ದೂರ ಗಾಳಿಯಲ್ಲಿ ಸಾಗುತ್ತಾನೆ. ಬೇಕೆಂದರೆ ಏನೂ ಆಗದೆ ಸುಮ್ಮನೆ ತನ್ನನ್ನೇ ಮಡಿಚಿಕೊಂಡು ಚಿಕ್ಕವನಾಗುತ್ತಾನೆ. ಆದರೆ ಮಡಿಚಿದಷ್ಟೂ ದಪ್ಪವಾಗುತ್ತಾನೆ: ಒಂದು ಮಡಿಕೆಗೆ ಎರಡು ಪದರ, ಎರಡಕ್ಕೆ ನಾಲ್ಕು, ಮೂರಕ್ಕೆ ಎಂಟು. ಒಂದು ಪದರಕ್ಕೆ ಎಷ್ಟು ದಪ್ಪ ಎನ್ನುವುದು ಎಲ್ಲ ಲೆವೆಲ್‌ಗಳಿಗೂ ಸೇರಿದ ಒಂದು ಪಟ್ಟಿಯಲ್ಲಿ ಒಂದೇ ಒಂದು ಕಡೆ ಬರೆದಿತ್ತು. ಅದನ್ನು ಅಲ್ಲಿ ಮುಟ್ಟಿದರೆ ಇಡೀ ಆಟದಲ್ಲಿ ಮುಟ್ಟಿದ ಹಾಗೆ.

ಮುಟ್ಟಿದ್ದು ತನ್ನ ಗೋಪುರಕ್ಕಾಗಿ. ಅದು ಅವನೇ ಕಟ್ಟಿದ ಲೆವೆಲ್. ನಾಲ್ಕು ಅಂತಸ್ತು, ಎರಡು ತಿಂಗಳ ಕೆಲಸ. ಹಿಂದಿನ ಸುತ್ತಿನಲ್ಲಿ ಆಡಲು ಬಂದಿದ್ದ ಕಾಲೇಜು ಹುಡುಗಿಯೊಬ್ಬಳು ಹಾಳೆರಾಯನನ್ನು ಎರಡು ಸಲ ಮಡಿಚಿ, ಕೆಳಗಿನ ಗೋಡೆಯಲ್ಲಿ ಚಿತ್ರಕ್ಕೆಂದು ಬಿಡಿಸಿದ್ದ ಬಿರುಕಿನೊಳಗೆ ನುಗ್ಗಿಸಿ, ನಲವತ್ತು ಸೆಕೆಂಡಿನಲ್ಲಿ ಆಚೆ ಬದಿಗೆ ತಂದಿದ್ದಳು. ಬಿರುಕು ಪರದೆಯ ಅಳತೆಯಲ್ಲಿ ಇಪ್ಪತ್ತಾರು ಚುಕ್ಕಿ, ಅಂದರೆ ಪಿಕ್ಸೆಲ್, ಅಗಲ. ನಾಲ್ಕು ಪದರಕ್ಕೆ ಇಪ್ಪತ್ತನಾಲ್ಕು. "ಆಯ್ತಾ? ಇಷ್ಟೇನಾ?" ಎಂದು ಅವಳು ತಿರುಗಿ ನೋಡಿದಾಗ ಕೋಣೆಯಲ್ಲಿ ಎಲ್ಲರೂ ನಕ್ಕಿದ್ದರು. "ನಿಮ್ಮ ಗೋಪುರಕ್ಕೆ ಹಿತ್ತಲ ಬಾಗಿಲೂ ಇಟ್ಟಿದ್ದೀರಲ್ಲ, ಒಳ್ಳೇದಾಯ್ತು ಬಿಡಿ, ಬೆಂಕಿ ಬಿದ್ರೆ ಬೇಕಾಗುತ್ತೆ" ಎಂದಿದ್ದರು ಯಜಮಾನರು. ಅವನೂ ನಕ್ಕಿದ್ದ, ಎಲ್ಲರಿಗಿಂತ ಒಂದು ಗಳಿಗೆ ಹೆಚ್ಚಿಗೆ. ಬಿರುಕನ್ನು ಕಿರಿದು ಮಾಡಬೇಕಾದರೆ ಚಿತ್ರ ಮತ್ತೆ ಬಿಡಿಸಬೇಕು, ಬಿಡಿಸಲು ಕೇಳಬೇಕು, ಕೇಳಿದರೆ ಮತ್ತೊಂದು ಸಲ ನಗು. ಆರರ ಜಾಗದಲ್ಲಿ ಏಳು ಎಂದರೆ ನಾಲ್ಕು ಪದರಕ್ಕೆ ಇಪ್ಪತ್ತೆಂಟು. ಬಿರುಕು ತಾನಾಗಿ ಮುಚ್ಚಿಹೋಯಿತು.

ಪಟ್ಟಿಯಲ್ಲಿ ಏನು ತಿದ್ದಿದರೂ ತಿದ್ದುಪಡಿ ಪುಸ್ತಕದಲ್ಲಿ ಒಂದು ಸಾಲು ಬರೆಯಬೇಕು. 'ಸಣ್ಣಪುಟ್ಟ ತಿದ್ದುಪಡಿ' ಎಂದು ಬರೆದು ತಾರೀಖು ಹಾಕಿದ್ದ. ಆ ಹೊತ್ತಿನಲ್ಲಿ, ಅದೇ ಆಫೀಸಿಗೆ ಹೊಸದಾಗಿ ಸೇರಿದ್ದ ನಾದಿನಿ ತನ್ನ ಲೆವೆಲ್‌ನಲ್ಲಿ ಇಟ್ಟಿದ್ದ ಬಾಗಿಲಿನ ನೆನಪು ಇತ್ತೇ? ಹೆಂಡತಿಯ ತಂಗಿ ಅದಕ್ಕೆ ಎರಡು ದಿನ ಮೊದಲು ಊಟಕ್ಕೆ ಕೂತಾಗ ಎರಡು ಲೋಟಗಳನ್ನು ಅಕ್ಕಪಕ್ಕ ಇಟ್ಟು, ನಡುವೆ ಮಡಿಚಿದ ಬಸ್ ಟಿಕೆಟ್ ತೂರಿಸಿ ತೋರಿಸಿದ್ದಳು. "ಬಾಗಿಲಡಿ ಸಂದು ಐವತ್ತು ಚುಕ್ಕಿ ಭಾವ. ಒಳಗಿಂದ ಗಾಳಿ ಬೀಸ್ತಾ ಇರುತ್ತೆ. ಹಾಳೆ ಹಾಗೇ ಹೋದ್ರೆ ಹಾರಿಸಿ ಹಿಂದಕ್ಕೆ ಹಾಕುತ್ತೆ. ಒಂದು ಸಲ ಮಡಿಚಿದ್ರೂ ಅಷ್ಟೆ, ಎರಡು ಸಲ ಮಡಿಚಿದ್ರೂ ಅಷ್ಟೆ. ಮೂರು ಸಲ ಮಡಿಚಿದ್ರೆ ತೂಕ ಬರುತ್ತೆ, ಗಾಳಿಗೆ ಜಗ್ಗಲ್ಲ. ಎಂಟಾರ್ಲಿ ನಲವತ್ತೆಂಟು. ಎರಡು ಚುಕ್ಕಿ ಉಳೀತಲ್ಲ, ಸಾಕು." ಹೆಂಡತಿ "ಲೋಟ ಬೀಳ್ಸಿದ್ರೆ ನೋಡು" ಎಂದಿದ್ದಳು. ಅವನು ಟಿಕೆಟ್ಟನ್ನೇ ನೋಡುತ್ತಿದ್ದ. ಎಂಟೇಳ್ಲಿ ಐವತ್ತಾರು. ಈ ಲೆಕ್ಕವನ್ನು ಮೊದಲ ಸಲ ಮಾಡಿದ್ದು ಇವತ್ತು ಬೆಳಿಗ್ಗೆ ಹಲ್ಲುಜ್ಜುವಾಗ ಎಂದು ಅವನು ನಂಬಿದ್ದ. ನಂಬಿದ್ದೇನೆ ಎಂದು ಎರಡು ಸಲ ಹೇಳಿಕೊಂಡಾಗ ನಂಬಿಕೆ ಸ್ವಲ್ಪ ಸಡಿಲವಾಯಿತು.

ಆಫೀಸು ಕನ್ನಡಕದ ಅಂಗಡಿಯ ಮೇಲೆ, ಮೂರನೆಯ ಮಹಡಿಯಲ್ಲಿ. ನಾಲ್ಕು ಮೇಜು, ಒಂದು ತೊಳೆಯುವ ತೊಟ್ಟಿ, ಮತ್ತು ಹಿಂದೆ ಸಾಮಾನಿನ ಕೋಣೆಯಾಗಿದ್ದು ಈಗ ಟೆಸ್ಟ್ ಕೋಣೆಯಾಗಿರುವ ಕಿಟಕಿಯಿಲ್ಲದ ಜಾಗ. ಅಲ್ಲಿ ಒಂದು ಸೋಫಾ, ಒಂದು ದೊಡ್ಡ ಪರದೆ, ಸೋಫಾದ ಹಿಂದೆ ಒಂದು ಸ್ಟೂಲು. ಯಜಮಾನರು ಈ ಕೆಲಸಕ್ಕೆ ಬರುವ ಮುಂಚೆ ಇಪ್ಪತ್ತು ವರ್ಷ ಬೀಗದ ಅಂಗಡಿ ನಡೆಸಿದ್ದರು. ಆಟ ಅಂದರೆ ಇನ್ನೇನು, ಬೀಗಾನೂ ನಾವೇ ಮಾರಬೇಕು, ಬೀಗದ ಕೈನೂ ನಾವೇ ಎಲ್ಲೋ ಬೀಳಿಸಿರಬೇಕು ಎನ್ನುವುದು ಅವರ ಸಿದ್ಧಾಂತ. ಟೆಸ್ಟಿನ ನಿಯಮಗಳೂ ಅವರವೇ. ಆಡುವವರು ಹೊರಗಿನವರು, ಹಿಂದೆಂದೂ ಈ ಆಟ ನೋಡದವರು. ಲೆವೆಲ್ ಮಾಡಿದವರು ಆ ಕೋಣೆಯಲ್ಲಿ ಇರಕೂಡದು, ಏಕೆಂದರೆ ಮಾಡಿದವರು ನಿಟ್ಟುಸಿರಿನಲ್ಲೇ ಉತ್ತರ ಹೇಳಿಬಿಡುತ್ತಾರೆ. ಅವರ ಬದಲು ಇನ್ನೊಬ್ಬರು ಸ್ಟೂಲಿನ ಮೇಲೆ ಕೂತು, ನಡೆದದ್ದನ್ನು ಕಾಗದದ ಮೇಲೆ ಬರೆದುಕೊಳ್ಳಬೇಕು. ಮಾತಾಡಕೂಡದು. ಆಡುವವರು ಏನೇ ಕೇಳಿದರೂ ಕೊಡಬಹುದಾದ ಉತ್ತರ ಒಂದೇ: ನಿಮಗೆ ಏನು ತೋಚುತ್ತೋ ಅದನ್ನೇ ಮಾಡಿ. ಈ ನಿಯಮವನ್ನು ಮೊದಲ ದಿನ ಕೇಳಿದಾಗ ಅವನಿಗೆ ತನ್ನ ಸ್ವಭಾವಕ್ಕೆ ಯಾರೋ ಸಂಬಳ ಕೊಡಲು ಒಪ್ಪಿದ ಹಾಗೆ ಅನ್ನಿಸಿತ್ತು.

"ಇವತ್ತು ಇವಳದ್ದಕ್ಕೆ ನೀವು ಕೂತ್ಕೊಳ್ಳಿ, ನಿಮ್ಮದಕ್ಕೆ ಇವಳು" ಎಂದರು ಯಜಮಾನರು. ನಾದಿನಿ ಕೂದಲನ್ನು ಬಿಗಿಯಾಗಿ ಎಳೆದು ಕಟ್ಟಿಕೊಂಡು ಬಂದಿದ್ದಳು, ಪರೀಕ್ಷೆಗೆ ಬಂದವರ ಹಾಗೆ. ಅವಳ ಮೂರು ತಿಂಗಳ ಪ್ರಾಯೋಗಿಕ ಅವಧಿ ಇವತ್ತಿಗೆ ಮುಗಿಯುತ್ತಿತ್ತು. ಮಾಡಿದ ಒಂದು ಲೆವೆಲ್ ಆಟದಲ್ಲಿ ಉಳಿದರೆ ಕೆಲಸ ಉಳಿಯುತ್ತದೆ ಎಂದು ಯಜಮಾನರು ಶುರುವಿನಲ್ಲೇ ಹೇಳಿದ್ದರು. ಅವಳು ಕಿವಿ ಕೇಳದ ಮಕ್ಕಳ ಶಾಲೆಯಲ್ಲಿ ಒಂಬತ್ತು ವರ್ಷ ಕಾಗದದ ಕೆಲಸ ಕಲಿಸಿ, ಆ ಜಾಗಕ್ಕೆ ಬೇರೆಯವರನ್ನು ತಗೊಳ್ಳಬೇಡಿ ಎಂದು ಮೂರು ತಿಂಗಳ ಗಡುವು ಕೇಳಿ ಬಂದವಳು.

"ನಾಳೆ ಬೆಳಿಗ್ಗೆ ಹತ್ತಕ್ಕೆ ಶಾಲೆಗೆ ಫೋನ್ ಮಾಡ್ಬೇಕು ಭಾವ. ಬರಲ್ಲ ಅಂತಾನೋ, ಬರ್ತೀನಿ ಅಂತಾನೋ" ಎಂದಳು ತೊಟ್ಟಿಯ ಹತ್ತಿರ ಕಪ್ಪು ತೊಳೆಯುತ್ತಾ. "ಬರಲ್ಲ ಅಂತ ಹೇಳೋದನ್ನ ಅಭ್ಯಾಸ ಮಾಡಿದ್ದೀನಿ. ಹೆಡ್‌ಮಿಸ್ ಅಳ್ತಾರೆ. ಅಳೋದಕ್ಕೆ ಮುಂಚೆ ಇಟ್ಟುಬಿಡ್ಬೇಕು."

"ಹೂಂ."

"ಏನು ಹೂಂ? ಧೈರ್ಯ ಹೇಳ್ರಿ ಸ್ವಲ್ಪ. ಅಕ್ಕ ನಿಮ್ಮನ್ನ ಹೇಗೆ ಸಹಿಸ್ಕೊಂಡಿದ್ದಾಳೋ."

ಪ್ರೋಗ್ರಾಂ ಬರೆಯುವ ಮೇಷ್ಟ್ರು ಪರದೆಯಿಂದ ಕಣ್ಣು ತೆಗೆಯದೆ, "ಅವರು ಮಾತಾಡಿದ್ರೆ ಆಮೇಲೆ ನಾನು ಏನು ಮಾಡ್ಲಿ ತಾಯಿ, ಆಫೀಸಲ್ಲಿ ಗಡಿಯಾರದ ಸದ್ದು ಕೇಳೋದೇ ಅವರು ಸುಮ್ಮನಿರೋದ್ರಿಂದ" ಎಂದರು. ಅವರು ಒಂದು ಕಾಲದಲ್ಲಿ ಕಾಲೇಜಿನಲ್ಲಿ ಗಣಿತ ಹೇಳುತ್ತಿದ್ದವರು. ಆಟವನ್ನು ಬರೆಯುತ್ತಿದ್ದರೇ ಹೊರತು ಎಂದೂ ಆಡುತ್ತಿರಲಿಲ್ಲ. ಅಡುಗೆಯವನಿಗೆ ಹಸಿವಿರಲ್ಲ ಎನ್ನುತ್ತಿದ್ದರು.

ಅವನು ತನ್ನ ಮೇಜಿಗೆ ಹೋಗಿ ಪಟ್ಟಿ ತೆರೆದ. ಏಳು ಇತ್ತು. ಅಷ್ಟು ಹೊತ್ತೂ ಅದು ಆರೇ ಇರಬಹುದು, ತಾನು ತಿದ್ದಿ ಮತ್ತೆ ಹಿಂದಕ್ಕೆ ಹಾಕಿರಬಹುದು ಎನ್ನುವ ಒಂದು ಎಳೆ ಒಳಗೆಲ್ಲೋ ಉಳಿದಿತ್ತೆಂದು ಆಗ ಗೊತ್ತಾಯಿತು. ಅಥವಾ ಅವಳು ಬಾಗಿಲನ್ನು ಅಗಲ ಮಾಡಿರಬಹುದಲ್ಲ? ಅವಳ ಲೆವೆಲ್ ತೆರೆದು ನೋಡಲು ಒಂದು ನಿಮಿಷ ಸಾಕು. ಏಳನ್ನು ಆರು ಮಾಡಲು ಅದೂ ಬೇಡ. ಆದರೆ ಆರು ಮಾಡಿದರೆ ಇನ್ನು ಅರ್ಧ ಗಂಟೆಯಲ್ಲಿ ಅವಳೇ ಸ್ಟೂಲಿನ ಮೇಲೆ ಕೂತು, ಯಾರೋ ಒಬ್ಬರು ಅವನ ಗೋಪುರದ ಬಿರುಕಿನಲ್ಲಿ ನುಸುಳುವುದನ್ನು ಕಾಗದದ ಮೇಲೆ ಬರೆಯುತ್ತಾಳೆ. ನಲವತ್ತು ಸೆಕೆಂಡು. ಅವಳ ದುಂಡು ಅಕ್ಷರದಲ್ಲಿ. ಅವನ ಬೆರಳು ಬಟನ್ ಮೇಲೆಯೇ ಇತ್ತು. ಟೆಸ್ಟ್ ಕೋಣೆಯಿಂದ ಯಜಮಾನರು ಕರೆದರು. ಕರೆದರಲ್ಲ, ಏನು ಮಾಡುವುದು, ಎಂದುಕೊಂಡು ಎದ್ದ. ಅವರು ಕರೆದದ್ದು ಪೆನ್ನು ತರಲಿಕ್ಕೆ.

ಮೊದಲು ಬಂದವನು ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಮಾಡುವವನು. ಸೋಫಾದಲ್ಲಿ ಮುಂದಕ್ಕೆ ಕೂತು, ಬಟನ್‌ಗಳನ್ನು ಸೂಜಿ ಹಿಡಿದ ಹಾಗೆ ಹಗುರಾಗಿ ಹಿಡಿದ. ಹಾಳೆಯನ್ನು ಹಾಗೇ ಕಳಿಸಿದ, ಗಾಳಿ ಹಾರಿಸಿತು. ಒಂದು ಸಲ ಮಡಿಚಿದ, ಹಾರಿಸಿತು. ಎರಡು ಸಲ; ತಳ್ಳಿತು, ಆದರೆ ನಿಧಾನವಾಗಿ. "ಓ" ಎಂದ ಲ್ಯಾಬಿನವನು. ಮೂರು ಸಲ ಮಡಿಚಿದ. ಹಾಳೆರಾಯ ಇಟ್ಟಿಗೆಯ ಹಾಗೆ ಗಟ್ಟಿಯಾಗಿ, ಗಾಳಿಗೆ ಜಗ್ಗದೆ, ಬಾಗಿಲಿನತ್ತ ಜರುಗಿದ. ಸ್ಟೂಲಿನ ಮೇಲಿದ್ದವನ ಉಸಿರು ನಿಂತಿತು. ಮಾಡಿದವರಷ್ಟೇ ಉಸಿರು ಬಿಗಿಹಿಡಿಯುತ್ತಾರೆ ಎಂದು ಯಾರು ಹೇಳಿದ್ದು? ಹಾಳೆರಾಯ ಬಾಗಿಲಿಗೆ ತಾಗಿ ನಿಂತ. ಮತ್ತೆ ತಾಗಿದ. ಆರು ಚುಕ್ಕಿಯ ವ್ಯತ್ಯಾಸ ಕಣ್ಣಿಗೆ ಕಾಣುವುದಿಲ್ಲ; ಸಂದು ಸಾಕಷ್ಟು ದೊಡ್ಡದಾಗಿಯೇ ಇತ್ತು, ಹೋಗಬಹುದಿತ್ತು, ಹೋಗಲಿಲ್ಲ. "ಹಾಗಾದ್ರೆ ಇದಲ್ಲ" ಎಂದು ಲ್ಯಾಬಿನವನು ಬಿಡಿಸಿಬಿಟ್ಟ. ಆಮೇಲೆ ದೋಣಿ ಮಾಡಿದ, ಕಪ್ಪೆ ಮಾಡಿದ, ಮೇಲಿನ ದೀಪಕ್ಕೆ ಹಕ್ಕಿಯನ್ನು ಹಾರಿಸಿ ಹೊಡೆಸಿದ. ಒಂಬತ್ತನೇ ನಿಮಿಷಕ್ಕೆ ಕೈಬಿಟ್ಟ.

ಕಾಗದದಲ್ಲಿ ಮೂರು ಅಂಕಣ: ಎಷ್ಟು ಹೊತ್ತು, ಏನೇನು ಮಾಡಿದರು, ದಾರಿ ಸಿಕ್ಕಿತೇ. ಮೊದಲಿನದರಲ್ಲಿ ಒಂಬತ್ತು ಎಂದು ಬರೆದ. ಎರಡನೆಯದರಲ್ಲಿ 'ಮಡಿಚುವುದು, ದೋಣಿ, ಕಪ್ಪೆ, ಹಕ್ಕಿ' ಎಂದು ಬರೆದ. ಮೂರನೆಯದರ ಮೇಲೆ ಪೆನ್ನು ಸ್ವಲ್ಪ ಹೊತ್ತು ನಿಂತಿತು. ದಾರಿ ಸಿಕ್ಕಿತ್ತು. ಸಿಕ್ಕ ದಾರಿ ಬಿಡಲಿಲ್ಲ. ಅದಕ್ಕೆ ಅಂಕಣವಿರಲಿಲ್ಲ. 'ಇಲ್ಲ' ಎಂದು ಬರೆದ. ಓದಿ ನೋಡಿದ. ಒಂದೇ ಒಂದು ಸುಳ್ಳು ಪದವೂ ಇರಲಿಲ್ಲ.

ಎರಡನೆಯವರು ಮನೆಮನೆಗೆ ಹೋಗಿ ಕರೆಂಟ್ ಮೀಟರ್ ಓದುತ್ತಿದ್ದು ನಿವೃತ್ತರಾದವರು. ಪ್ರತಿಯೊಂದಕ್ಕೂ ಸದ್ದಿಲ್ಲದೆ ತಲೆದೂಗುತ್ತಾ, ಹಾಳೆರಾಯನನ್ನು ನಡೆಸುವುದಕ್ಕೇ ತಡಬಡಾಯಿಸುತ್ತಿದ್ದರು. ಅವನು ಅವರ ಕಿವಿಯ ಹಿಂದಿನ ಬಿಳಿ ಕೂದಲನ್ನು ನೋಡುತ್ತಾ ಕೂತ. ಇದೇ ತರದ ಬೆಳಕಿಲ್ಲದ ಕೋಣೆ, ಇದೇ ತರದ ರೆಕ್ಸಿನ್ ಸೋಫಾ ನಾಲ್ಕು ವರ್ಷದ ಹಿಂದೆ ಆಸ್ಪತ್ರೆಯಲ್ಲೂ ಇತ್ತು. ಒಳಗೆ ಹೆಂಡತಿಗೆ ಆಪರೇಷನ್ ನಡೆಯುತ್ತಿತ್ತು. ಅವನು ಗೋಡೆಯ ಮೇಲಿನ ಸೂಚನೆಗಳನ್ನು ನಾಲ್ಕನೆಯ ಸಲ ಓದುತ್ತಿದ್ದಾಗ ನಾದಿನಿ ಪಕ್ಕದಲ್ಲಿ ಕೂತು ಆಸ್ಪತ್ರೆಯ ಚೀಟಿಯನ್ನು ಮಡಿಚುತ್ತಿದ್ದಳು, ಬಿಚ್ಚುತ್ತಿದ್ದಳು, ಮತ್ತೆ ಮಡಿಚುತ್ತಿದ್ದಳು. ಸಂಜೆ ಹೆಂಡತಿ ಕಣ್ಣು ಬಿಟ್ಟಾಗ ಅವನು ಹೇಳಬೇಕೆಂದು ಅಷ್ಟು ಹೊತ್ತು ಜೋಡಿಸಿಟ್ಟಿದ್ದ ಒಂದು ಮಾತು ಗಂಟಲವರೆಗೆ ಬಂದಿತ್ತು. ಅಷ್ಟರಲ್ಲಿ ತಂಗಿ ಹೊದಿಕೆಯ ಮೇಲೆ ಚೀಟಿಯ ಕಪ್ಪೆಯನ್ನಿಟ್ಟು ಬೆನ್ನು ಒತ್ತಿದಳು. ಅದು ಜಿಗಿಯಿತು. ಹೆಂಡತಿ ನಕ್ಕಳು, ಹೊಲಿಗೆ ಎಳೆದು ನೋವಾಗಿ, ನೋವಿಗೂ ನಕ್ಕಳು. ಅವನು ಮಂಚದ ಕಾಲಿನ ಹತ್ತಿರ ನಿಂತಿದ್ದ. ಆ ಮಾತು ಏನಾಗಿತ್ತೆಂದು ಈಗ ನೆನಪಿಲ್ಲ. ಕಪ್ಪೆ ನೆನಪಿತ್ತು. ಆರು ತಿಂಗಳ ಮೇಲೆ ಯಜಮಾನರು ಹೊಸ ಆಟಕ್ಕೆ ಏನಾದರೂ ಹೇಳಿ ಎಂದಾಗ, ಕಾಗದದ ಮನುಷ್ಯ, ಬೇಕಾದ್ದಾಗಿ ಮಡಿಚಿಕೊಳ್ಳುತ್ತಾನೆ, ಎಂದಿದ್ದ. ಎಲ್ಲಿಂದ ಹೊಳೀತು ಮಾರಾಯ್ರೇ ಎಂದು ಯಜಮಾನರು ಕೇಳಿದ್ದಕ್ಕೆ ಭುಜ ಕುಣಿಸಿದ್ದ.

ಮೀಟರಿನವರು ಹನ್ನೆರಡು ನಿಮಿಷವಾದ ಮೇಲೆ, "ಇದು ಪೂರ್ತಿ ಕಟ್ಟಿಸಿಲ್ಲ ಅಂತ ಕಾಣುತ್ತೆ" ಎಂದು ಕೈಮುಗಿದು ಎದ್ದರು. ಮೂರನೆಯ ಮಡಿಕೆಯ ತನಕ ಅವರು ಬಂದಿರಲೇ ಇಲ್ಲ. ಅವನಿಗೆ ಆದ ನೆಮ್ಮದಿಗೆ ಅವನೇ ಬೆಚ್ಚಿದ.

ಮೂರನೆಯವಳು ಹೊಲಿಗೆ ಅಂಗಡಿಯವಳು. ಐವತ್ತು ದಾಟಿದವಳು, ಕೊರಳಲ್ಲಿ ಅಳತೆಯ ಟೇಪು ಹಾಗೇ ಇತ್ತು. ಅಂಗಡಿಗೆ ಬೇಗ ಹೋಗಬೇಕು ಎಂದು ಮೊದಲೇ ಹೇಳಿ ಕೂತಳು. ಒಂದು ಮಡಿಕೆ, ಎರಡು ಮಡಿಕೆ ನೋಡಲೇ ಇಲ್ಲ. ಗಾಳಿ ಒಂದು ಸಲ ಹಾಳೆಯನ್ನು ಹಾರಿಸಿದ್ದೇ ಮೂರು ಸಲ ಮಡಿಚಿ, ಬಾಗಿಲಿಗೆ ಒಯ್ದು ನಿಲ್ಲಿಸಿದಳು. ಅದು ಒಳಗೆ ಹೋಗಲಿಲ್ಲ. ಮತ್ತೆ ತಳ್ಳಿದಳು. ಬಿಚ್ಚಿದಳು, ಮತ್ತೆ ಮೂರು ಸಲ ಮಡಿಚಿದಳು, ಈ ಸಲ ನಿಧಾನವಾಗಿ, ಅಂಚಿಗೆ ಅಂಚು ಕೂಡಿಸುವವಳ ಹಾಗೆ, ಪರದೆಯ ಮೇಲೆ ಅಂಥದ್ದೇನೂ ಇಲ್ಲದಿದ್ದರೂ. ಆಮೇಲೆ ಹಿಂದಕ್ಕೆ ತಿರುಗಿ ಅವನ ಮುಖ ನೋಡಿದಳು.

"ಇದು ಹೋಗ್ಬೇಕಲ್ಲ?"

ಅವನು ಕಾಗದ ನೋಡಿದ.

"ನಿಮ್ಮನ್ನೇ ಕೇಳ್ತಿರೋದು. ಮೂರು ಮಡಿಕೆಗೆ ಇದು ಹೋಗ್ಬೇಕು. ಹೋಗದೆ ಇರೋ ಹಾಗಿದ್ರೆ ಅಷ್ಟು ದೊಡ್ಡ ಸಂದು ಯಾಕೆ ಬಿಡ್ತಾರೆ? ಗೇಣು ಬಟ್ಟೆ ಸುಮ್ನೆ ಬಿಡ್ತಾರಾ ಯಾರಾದ್ರೂ?"

"ನಿಮಗೆ ಏನು ತೋಚುತ್ತೋ ಅದನ್ನೇ ಮಾಡಿ" ಎಂದ.

"ತೋಚಿದ್ದನ್ನೇ ಮಾಡಿದೆನಲ್ಲಪ್ಪ."

ಅವಳ ನೋಟ ಇನ್ನೂ ಅವನ ಮೇಲಿತ್ತು. ಕೋಪವಿರಲಿಲ್ಲ. ಗಿರಾಕಿ ತಾನೇ ತಪ್ಪು ಅಳತೆ ಕೊಟ್ಟು, ತೋಳು ಬಿಗಿಯಾಯಿತು ಎಂದು ಬಂದು ನಿಂತಾಗ ಹೀಗೇ ನೋಡುತ್ತಾಳೇನೋ. ಈಗ ಹೇಳಿಬಿಟ್ಟರೆ? ಏನೂ ಆಗುವುದಿಲ್ಲ. ಹೌದಮ್ಮ, ಹೋಗಬೇಕು, ಅಂಕೆ ತಪ್ಪಿದೆ, ಒಂದು ನಿಮಿಷ ಇರಿ ಎಂದು ಹೊರಗೆ ಹೋಗಿ ತಿದ್ದಿ ಬರಬಹುದು. ಯಜಮಾನರು ಒಂದು ಕುಚೋದ್ಯ ಮಾಡಬಹುದು. ಅಷ್ಟೇ ಸಣ್ಣದು ಎನ್ನುವುದೇ ಅಡ್ಡ ಬಂತು. ದೊಡ್ಡ ತಪ್ಪಾಗಿದ್ದರೆ ಬಾಯಿ ಬಿಡುತ್ತಿದ್ದೆ ಅನ್ನಿಸಿತು. ಮಾತಾಡಕೂಡದು ಎನ್ನುವ ನಿಯಮ ಗೋಡೆಯ ಮೇಲೆ ಯಜಮಾನರ ಕೈಬರಹದಲ್ಲಿ ಅಂಟಿಸಿತ್ತು, ಅವನು ಅದನ್ನು ಓದಿದ. ಹೊಲಿಗೆಯವಳು ಪರದೆಯತ್ತ ತಿರುಗಿ, ಇನ್ನೂ ಎರಡು ನಿಮಿಷ ಬಾಗಿಲನ್ನು ನೋಡುತ್ತಾ ಕೂತು, "ನಂಗೆ ತಡವಾಯ್ತು. ನಿಮ್ಮ ಬಾಗಿಲು ಸರಿಯಿಲ್ಲ, ಹೇಳಿ ಅವರಿಗೆ" ಎಂದು ಎದ್ದಳು. 'ಐದು ನಿಮಿಷ. ಮಡಿಚುವುದು. ಇಲ್ಲ.' ಟಿಪ್ಪಣಿಯ ಜಾಗದಲ್ಲಿ, 'ಅವಸರದಲ್ಲಿದ್ದರು' ಎಂದು ಬರೆದ. ಅದೂ ನಿಜವೇ.

ಅವನ ಗೋಪುರವನ್ನು ಮೂವರೂ ಹತ್ತಿದರು. ಮೀಟರಿನವರು ಕೂಡ, ಇಪ್ಪತ್ತೈದು ನಿಮಿಷಕ್ಕೆ; ಅವಸರದಲ್ಲಿದ್ದ ಹೊಲಿಗೆಯವಳು ಬಾಗಿಲಿಗೆ ಬರುವ ಮೊದಲೇ ಅದನ್ನು ಮುಗಿಸಿದ್ದಳು. ನಾದಿನಿ ದುಂಡು ಅಕ್ಷರದಲ್ಲಿ ಎರಡು ಪುಟ ಬರೆದಿದ್ದಳು: ಎಲ್ಲಿ ನಕ್ಕರು, ಎಲ್ಲಿ ನಾಲಿಗೆ ಕಚ್ಚಿಕೊಂಡರು, ಮೂರನೇ ಅಂತಸ್ತಿನಲ್ಲಿ ಲ್ಯಾಬಿನವನು 'ಭಲೇ' ಎಂದದ್ದು. ಕೊನೆಯಲ್ಲಿ, 'ಬಿರುಕು ಯಾರಿಗೂ ಸಿಗಲಿಲ್ಲ, ಮೂರೂ ಜನ ನಿಜವಾದ ದಾರಿಯಲ್ಲೇ ಹೋದರು' ಎಂದು ಬರೆದು ಕೆಳಗೆ ಗೆರೆ ಎಳೆದಿದ್ದಳು, ಅವನಿಗಾಗಿ ಸಂತೋಷಪಟ್ಟು.

ಸಂಜೆ ನಾಲ್ಕಕ್ಕೆ ಎಲ್ಲರೂ ಕೂತು ಕಾಗದ ಓದಿದರು. ಪರದೆಯ ರೆಕಾರ್ಡಿಂಗ್ ಇರುತ್ತಿತ್ತು, ಆದರೆ ಕಾಗದ ಇರುವಾಗ ಅದನ್ನು ಯಾರೂ ನೋಡುತ್ತಿರಲಿಲ್ಲ. ಒಂದೂವರೆ ಗಂಟೆ ಯಾರು ಕೂರುತ್ತಾರೆ. ಯಜಮಾನರು ಅವನ ಕಾಗದವನ್ನು ದೂರ ಹಿಡಿದು ಓದಿ, ಕನ್ನಡಕ ತೆಗೆದು, ಮತ್ತೆ ಹಾಕಿಕೊಂಡರು.

"ಮೂರಕ್ಕೆ ಮೂರೂ ಇಲ್ಲ."

ನಾದಿನಿ ಕೈಚಾಚಿ ಕಾಗದ ತಗೊಂಡಳು. "ಮಡಿಚಿದ್ದಾರಲ್ಲ" ಎಂದಳು. "ಮೂರು ಸಲ ಮಡಿಚಿದ್ರಾ ಭಾವ?"

"ಮಡಿಚಿದ್ರು. ಆಮೇಲೆ ಬಿಟ್ಟುಬಿಟ್ರು."

"ಮಡಿಚ್ಕೊಂಡು ಬಾಗಿಲ ಹತ್ರ ಹೋಗ್ಲಿಲ್ವಾ?"

"ಹೋದ್ರು. ಮುಂದೆ ಹೋಗೋಕೆ ಆಗ್ಲಿಲ್ಲ ಅವರಿಗೆ."

ಮೇಷ್ಟ್ರು ಕುರ್ಚಿ ತಿರುಗಿಸಿದರು. "ಪಟ್ಟೀಲಿ ಯಾರಾದ್ರೂ ಏನಾದ್ರೂ ಮುಟ್ಟಿದ್ರಾ? ನಾನೇ ಮುಟ್ಟಿದ್ರೂ ಮುಟ್ಟಿರ್ತೀನಿ, ಹೇಳಕ್ಕಾಗಲ್ಲ." ತಿದ್ದುಪಡಿ ಪುಸ್ತಕ ತೆರೆದು ಬೆರಳಿಟ್ಟು ಕೆಳಗಿನಿಂದ ಮೇಲಕ್ಕೆ ಬಂದರು. "ಸಣ್ಣಪುಟ್ಟ ತಿದ್ದುಪಡಿ. ಇದು ನಿಮ್ಮ ಅಕ್ಷರ ಅಲ್ವಾ? ಏನಿದು ಸಣ್ಣದು, ಏನು ಪುಟ್ಟದು?"

ಅವನು ಪೆನ್ನಿನ ಮುಚ್ಚಳ ಹಾಕಿದ. ಕೆಳಗೆ ಕನ್ನಡಕದ ಅಂಗಡಿಯವನು ಷಟರನ್ನು ಅರ್ಧ ಇಳಿಸಿ, ಏನೋ ನೆನಪಾದವನ ಹಾಗೆ, ಮತ್ತೆ ಏರಿಸುತ್ತಿದ್ದ ಸದ್ದು ಕೇಳಿಸುತ್ತಿತ್ತು.

"ಗೋಪುರದ್ದು" ಎಂದ.

"ಗೋಪುರದ್ದಾ, ಸರಿ" ಎಂದು ಮೇಷ್ಟ್ರು ಪುಸ್ತಕ ಮುಚ್ಚಿದರು.

ಯಜಮಾನರು ಅವಳನ್ನು ನೋಡದೆ, ಮೇಜನ್ನು ನೋಡುತ್ತಾ ಮಾತಾಡಿದರು. ಅವರಿಗೂ ಇದು ಕಷ್ಟವೇ ಎನ್ನುವುದು ಕಾಣುತ್ತಿತ್ತು. "ನೋಡಮ್ಮ, ನಿನ್ನ ಯೋಚನೇಲಿ ತಪ್ಪಿಲ್ಲ. ಆದ್ರೆ ಕೀ ಇದೆ ಅಂತ ನಮಗೆ ಗೊತ್ತಿದ್ರೆ ಸಾಲದು, ಗಿರಾಕಿ ಕೈಗೆ ಸಿಗ್ಬೇಕು. ಸೋಮವಾರ ಆಟ ಮಾರಾಟಕ್ಕೆ ಕಳಿಸ್ಬೇಕು, ತಿದ್ದಿ ಮತ್ತೆ ಮೂರು ಜನರನ್ನ ಕರೆಸೋಕೆ ಟೈಮಿಲ್ಲ. ಈ ಲೆವೆಲ್ ಬಿಟ್ಟುಬಿಡೋಣ."

"ಬಿಡೋಣ ಸರ್" ಎಂದಳು, ಅವರ ಮಾತು ಮುಗಿಯುವ ಮೊದಲೇ. ಕಾಗದವನ್ನು ಮೇಜಿನ ಮೇಲಿಟ್ಟು, "ಪೂರ್ತಿ ಕಟ್ಟಿಸಿಲ್ಲ ಅಂದ್ರಾ ಒಬ್ರು?" ಎಂದು ನಕ್ಕಳು. ಬಾಗಿಲಾಚೆ ಕೂತಿದ್ದ ಅವಳಿಗೆ ಅಷ್ಟು ಕೇಳಿಸಿತ್ತು. ಹೊಲಿಗೆಯವಳು ಮೆಲ್ಲಗೆ ಮಾತಾಡಿದ್ದಳು.

ಬಸ್ಸಿನಲ್ಲಿ ಇಬ್ಬರಿಗೂ ಜಾಗ ಸಿಕ್ಕಿತು, ಅಕ್ಕಪಕ್ಕದಲ್ಲೇ. ಅವಳು ಟಿಕೆಟ್ಟನ್ನು ಮಡಿಚದೆ ಚೀಲಕ್ಕೆ ಹಾಕಿದ್ದನ್ನು ಅವನು ಗಮನಿಸಿದ. ಮನೆಯಲ್ಲಿ ಹೆಂಡತಿ ಇಬ್ಬರ ಮುಖ ನೋಡಿ ಏನೂ ಕೇಳದೆ ತಟ್ಟೆ ಹಾಕಿದಳು. ಊಟದ ನಡುವೆ ನಾದಿನಿಯೇ ಹೇಳಿದಳು, ಬೇರೆಯವರ ಸುದ್ದಿ ಹೇಳಿದ ಹಾಗೆ. "ನನ್ನ ಕೈಗೆ ಬರೋದು ಕಾಗದ ಮಾತ್ರ ಅಕ್ಕ. ಪರದೆ ಮೇಲಿರೋದು ಕಾಗದ ಅಲ್ಲ, ಕಾಗದದ ಲೆಕ್ಕ. ಅದು ನಂಗೆ ಹತ್ತಲ್ಲ."

"ಹುಚ್ಚು ಮಾತಾಡ್ಬೇಡ ಕಣೇ. ಒಂದು ಹೋಯ್ತು ಅಂದ್ರೆ ಇನ್ನೊಂದು ಮಾಡಿದ್ರಾಯ್ತಪ್ಪ. ರೀ, ನೀವು ಹೇಳ್ರಿ ಇವಳಿಗೆ. ಅಷ್ಟು ಕೆಟ್ಟದಾಗಿತ್ತಾ ಇವಳು ಮಾಡಿದ್ದು?"

"ಕೆಟ್ಟದೇನಲ್ಲ" ಎಂದ. ಹೆಂಡತಿ ಕಾದಳು. ಅವನು ನೀರು ಕುಡಿದ.

"ಬಿಡಕ್ಕ, ಭಾವಂದು ಜಾಸ್ತಿ ಮಾತಾಯ್ತು ಇವತ್ತು" ಎಂದಳು ನಾದಿನಿ. ಮೂವರೂ ನಕ್ಕರು. ಅವನು ಎಲ್ಲರಿಗಿಂತ ಮೊದಲು ನಿಲ್ಲಿಸಿದ.

ಮರುದಿನ ಹತ್ತು ಗಂಟೆಗೆ ಅವಳು ಬಾಲ್ಕನಿಯಲ್ಲಿ ನಿಂತು ಶಾಲೆಗೆ ಫೋನ್ ಮಾಡಿದಳು. ಬರ್ತೀನಿ ಮಿಸ್ ಎನ್ನುವುದಕ್ಕೆ ಅಭ್ಯಾಸ ಇರಲಿಲ್ಲವಾದ್ದರಿಂದ ಎರಡು ಸಲ ಹೇಳಬೇಕಾಯಿತು. ಆಚೆ ಬದಿಯಲ್ಲಿ ಹೆಡ್‌ಮಿಸ್ ಅತ್ತರೇನೋ, "ಅಳ್ಬೇಡಿ ಮಿಸ್, ಬರ್ತಿದ್ದೀನಲ್ಲ" ಎನ್ನುತ್ತಿದ್ದಳು. ಅವನು ಒಳಗೆ ಷೂ ಒರೆಸುತ್ತಾ ಕೇಳಿಸಿಕೊಂಡ. ಒಂದು ಷೂವನ್ನು ಎರಡು ಸಲ ಒರೆಸಿದ್ದ.

ಭಾನುವಾರ ಮಧ್ಯಾಹ್ನ, ಕಳಿಸುವ ಮುಂಚೆ ಒಂದು ಸಲ ಎಲ್ಲ ನೋಡಬೇಕು ಎಂದು ಮನೆಯಲ್ಲಿ ಹೇಳಿ ಆಫೀಸಿಗೆ ಹೋದ. ಯಾರೂ ಇರಲಿಲ್ಲ. ಫ್ಯಾನು ಹಾಕಲಿಲ್ಲ. ಆಟದಿಂದ ತೆಗೆದಿದ್ದ ಅವಳ ಲೆವೆಲ್ ಬೇರೆ ಕಡೆ ಹಾಗೇ ಇತ್ತು. ತನ್ನ ಕಂಪ್ಯೂಟರಿನಲ್ಲಿ ಮಾತ್ರ ಏಳನ್ನು ಆರು ಮಾಡಿಕೊಂಡು ಆಡಲು ಕೂತ. ಯಾಕೆ ಎಂದು ಕೇಳಿಕೊಳ್ಳಲಿಲ್ಲ. ಅಪರಾಧಿ ಅದೇ ಜಾಗಕ್ಕೆ ಮರಳುತ್ತಾನೆ ಎನ್ನುತ್ತಾರಲ್ಲ, ಹಾಗೂ ಅನ್ನಿಸಲಿಲ್ಲ. ಬಾಗಿಲಿನ ಲೆಕ್ಕ ಸರಿಯಿತ್ತೋ ಇಲ್ಲವೋ ನೋಡಬೇಕಿತ್ತು. ಇರಲಿಕ್ಕಿಲ್ಲ ಎನ್ನುವ ಆಸೆಯೂ ಇತ್ತು. ಮೂರು ಸಲ ಮಡಿಚಿದ. ಹಾಳೆರಾಯ ಗಾಳಿಗೆ ಎದೆಯೊಡ್ಡಿ, ಬಾಗಿಲಡಿ ಮೈ ಉಜ್ಜಿಕೊಂಡು, ಎರಡೇ ಎರಡು ಚುಕ್ಕಿ ಉಳಿಸಿ, ಒಳಗೆ ಹೋದ.

ಒಳಗೆ ಏನೂ ಇರಲಿಲ್ಲ. ಬರಿ ಕೋಣೆ, ಒಂದು ಬದಿಯಿಂದ ಬೆಳಕು. ಆಟದಲ್ಲಿ ಎಲ್ಲೆಲ್ಲೂ ಮುಗಿದ ಗುರುತಿಗೆ ಬರುವ ನಕ್ಷತ್ರವೂ ಇರಲಿಲ್ಲ. ಗಾಳಿ ನಿಂತಿತು. ಅವನು ಒಂದಷ್ಟು ಹೊತ್ತು ಕಾದು, ಬಟನ್ ಒತ್ತಿ ಹಾಳೆರಾಯನನ್ನು ಬಿಚ್ಚಿದ. ಮೂರನೆಯ ಮಡಿಕೆ, ಎರಡನೆಯದು, ಒಂದನೆಯದು. ಹಾಳೆ ಚೌಕವಾಗಿ ಹರಡಿಕೊಂಡು ಬೆಳಕಿನಲ್ಲಿ ನಿಂತಿತು. ಆಗ ಗೆರೆಗಳು ಕಂಡವು. ಮೂರು ವರ್ಷದಿಂದ ಈ ಆಟದಲ್ಲಿ ಹಾಳೆರಾಯ ಬಿಚ್ಚಿಕೊಂಡಾಗಲೆಲ್ಲ ಹೊಸ ಕಾಗದದ ಹಾಗೆ ನುಣ್ಣಗೆ ಆಗಿಬಿಡುತ್ತಿದ್ದ. ಹಾಗಾಗಬಾರದು ಎಂದು ಯಾರಿಗೂ, ಅವನಿಗೂ, ಹೊಳೆದಿರಲಿಲ್ಲ. ಇಲ್ಲಿ ಅವಳು, ಹಾಳೆರಾಯ ದೋಣಿಯಾಗಿದ್ದಾಗಿನ ಗೆರೆ, ಕಪ್ಪೆಯ ಬೆನ್ನಿನ ಗೆರೆ, ಹಕ್ಕಿಯ ಕೊರಳಿನ ಗೆರೆ, ಒಂದೊಂದನ್ನೂ ಬಿಡಿಸಿದ್ದಳು. ಒಂದರ ಮೇಲೊಂದು, ನೂರಾರು, ಬೆಳಕು ಬಿದ್ದ ಕಡೆ ಬಿಳಿ, ಇನ್ನೊಂದು ಕಡೆ ಬೂದು. ಹಾಳೆರಾಯ ಏನೇನಾಗಿದ್ದನೋ ಎಲ್ಲವೂ ಅವನ ಮೈಮೇಲಿತ್ತು. ಮುಂದಕ್ಕೆ ಎರಡು ಹೆಜ್ಜೆ ಹೋದರೆ ಲೆವೆಲ್ ಮುಗಿಯುತ್ತಿತ್ತು. ಅವನು ಹೋಗಲಿಲ್ಲ. ಕೈ ಬಟನ್ ಮೇಲಿರುವುದೂ ಮರೆತು ನೋಡುತ್ತಾ ಕೂತ. ಆಮೇಲೆ ಮತ್ತೆ ಮೊದಲಿಂದ ಆಡಿದ. ಆ ಮಧ್ಯಾಹ್ನ ಏಳು ಸಲ ಆಡಿದ. ಯಾವುದೋ ಒಂದು ಸಲ ಅದನ್ನು ಮಾಡಿದ್ದು ಯಾರು ಎನ್ನುವುದೂ, ತಾನು ಗೋಪುರ ಕಟ್ಟಿದವನು ಎನ್ನುವುದೂ ಅವನಿಗೆ ನೆನಪಿರಲಿಲ್ಲ. ಸೋಮವಾರ ಆಟ ಹೋಯಿತು, ಆ ಕೋಣೆಯಿಲ್ಲದೆ.

ನಾದಿನಿ ಶಾಲೆಯ ಹತ್ತಿರ ತನ್ನ ಹಳೆಯ ರೂಮಿಗೆ ಮರಳುವ ದಿನ ಅವನೇ ಪೆಟ್ಟಿಗೆಯನ್ನು ಕೆಳಗಿಳಿಸಿ ಆಟೋಗೆ ಇಟ್ಟ. ಹೆಂಡತಿ ಮೇಲಿನಿಂದ ಛತ್ರಿ ಬಿಟ್ಟಿದ್ದೀಯ ಎಂದು ಕೂಗಿ, ತರುತ್ತೇನೆಂದು ಒಳಗೆ ಹೋದಳು. ಇಬ್ಬರೂ ಕಾಯುತ್ತಾ ನಿಂತರು. ಆಟೋದವನು ಕನ್ನಡಿಯಲ್ಲಿ ಹಲ್ಲು ನೋಡಿಕೊಳ್ಳುತ್ತಿದ್ದ.

"ಭಾವ, ಒಂದು ಕೇಳ್ಲಾ? ಬೇಜಾರು ಮಾಡ್ಕೋಬೇಡಿ."

"ಕೇಳು."

"ನೀವಾದ್ರೂ ಆಡಿದ್ರಾ ಅದನ್ನ? ಒಂದು ಸಲ? ಬೇರೆ ಯಾರೂ ಒಳಗೆ ಹೋಗ್ಲಿಲ್ಲವಲ್ಲ, ಅದಕ್ಕೆ ಕೇಳಿದೆ."

ಅವಳ ದನಿಯಲ್ಲಿ ದೂರು ಇರಲಿಲ್ಲ. ನಿಜವಾಗಿಯೂ ತಿಳಿದುಕೊಳ್ಳಬೇಕಾಗಿತ್ತು, ಅಷ್ಟೆ. ಮಹಡಿಯ ಮೆಟ್ಟಿಲಲ್ಲಿ ಹೆಂಡತಿಯ ಚಪ್ಪಲಿಯ ಸದ್ದು ಇಳಿದುಬರುತ್ತಿತ್ತು.

"ಇಲ್ಲ, ಟೈಮ್ ಆಗ್ಲಿಲ್ಲ" ಎಂದ.

"ಹೋಗ್ಲಿ ಬಿಡಿ" ಎಂದು ಅವಳು ಹತ್ತಿ ಕೂತಳು.

ಆ ಮೇಲೆ ಅವಳು ಎಷ್ಟೋ ಸಲ ಮನೆಗೆ ಬಂದಳು, ಊಟ ಮಾಡಿದಳು, ಶಾಲೆಯ ಮಕ್ಕಳ ಸುದ್ದಿ ಹೇಳಿ ಎಲ್ಲರನ್ನೂ ನಗಿಸಿದಳು. ಅಂಕೆ ತಿದ್ದಿದವನು ತಾನೆಂದು ಅವನು ಹೇಳಲಿಲ್ಲ. ಒಳಗೆ ಹೋಗಿದ್ದೆ, ಚೆನ್ನಾಗಿತ್ತು ಎಂದೂ ಹೇಳಲಿಲ್ಲ.